ಅಪ್ಪ ಒಣಗಗೊಡದ ಪೀಪಿ

ಸಾವಿನ ಮನೆಗೆ ಸನಾದಿಯವರು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಬೆಳಗ್ಗೆ, ಮಹಾರಾಷ್ಟ್ರದ ಈ ಸಂಭಾಜಿನಗರದಲ್ಲಿ. "ಸನಈ ಮಂಗಲ ವಾದ್ಯ ಆಹೇ, ಭಾವೂ. ಮಯತೀಲಾ ನಾಹೀ ವಾಜವತ," ಎಂದು ಇಲ್ಲಿನ ವಾದ್ಯದವರು ಕೈಮುಗಿದುಬಿಟ್ಟರು. ಶುಭಕಾರ್ಯದ ವಾದ್ಯವಂತೆ, ಹೆಣದ ಮುಂದೆ ಊದುವುದಿಲ್ಲವಂತೆ. ನಮ್ಮ ಮುಧೋಳದ ಕಡೆ ಮದುವೆಗೂ ಸನಾದಿ ಬೇಕು, ಮಣ್ಣಿಗೂ ಬೇಕು. ಅಪ್ಪ ಬದುಕಿಡೀ ಎರಡಕ್ಕೂ ಊದಿದವನು. "ನನ್ನನ್ನ ಊರಿಗೆ ಒಯ್ಯಬ್ಯಾಡ. ಇಲ್ಲೇ ಮಣ್ಣ ಕೊಡು. ಸನಾದಿ ಒಂದ ಇರ್ಲಿ." ಸಾಯುವ ಮುನ್ನ ಅವನು ಕೇಳಿದ್ದು ಅಷ್ಟೇ.

ಅವನ ಸನಾದಿ ನಿಲ್ಲಿಸಿದವನು ನಾನೇ. ಬ್ಯಾಂಕಿನ ವರ್ಗಾವಣೆಯ ಮೇಲೆ ಮೊದಲು ನಾಸಿಕಕ್ಕೆ ಬಂದಾಗ, ಅಲ್ಲಿನ ಅಂಬಡ್‌ನಲ್ಲಿ ಒಂದೇ ಖೋಲಿ, ಅಂದರೆ ಕೋಣೆ, ತೆಳು ಗೋಡೆ. "ಅಪ್ಪಾ, ಮಂದಿ ಬೈತಾರ. ಊದಬ್ಯಾಡ," ಎಂದೆ. ಮಂದಿ ಒಮ್ಮೆಯೂ ಬೈದಿರಲಿಲ್ಲ. ವಾದ್ಯದವರ ಮಗ ಎಂದು ಗೊತ್ತಾದೀತೆಂಬ ನಾಚಿಕೆ ನನ್ನದು. ಅಪ್ಪ ಸನಾದಿಯನ್ನು ಡಬ್ಬಿಗೆ ಸೇರಿಸಿದ. ಆದರೆ ಅಲ್ಲೂ, ಆಮೇಲೆ ವರ್ಗವಾಗಿ ಬಂದ ಈ ಊರಲ್ಲೂ, ದಿನಾ ಬೆಳಗ್ಗೆ ಪೀಪಿಯನ್ನು, ಸನಾದಿಯ ತುದಿಗೆ ಸಿಕ್ಕಿಸುವ ಆ ಜೋಡಿ ಎಸಳನ್ನು, ಬಾಯಲ್ಲಿಟ್ಟು ನೆನೆಸುತ್ತಿದ್ದ. ಉಸಿರಿಗೆ ಅದುರಿ ದನಿ ಕೊಡುವುದು ಅದೇ. "ಊದಾವ್ರ ಯಾರದಾರ ಈಗ?" ಎಂದು ರೇಗಿದರೆ, "ಒಣಗಿದ್ರ ಸೀಳತೈತೋ," ಎನ್ನುತ್ತಿದ್ದ.

ಒಮ್ಮೆ ನನ್ನ ಮಗಳು ಫೋನಿನಲ್ಲಿ ಓಬೋ ಎಂಬ ವಿಲಾಯತಿ ವಾದ್ಯ ತೋರಿಸಿದಳು. "ಅಜ್ಜಾ, ಹೇ ಬಘಾ, ನೋಡಿಲ್ಲಿ! ಇದಕ್ಕೂ ಜೋಡಿ ಪೀಪಿ. ಇದರ ಹಳೇ ರೂಪ ಪರ್ಷಿಯಾ ಕಡಿಂದ ಯುರೋಪಿಗೆ ಹೋಗಿದ್ದಂತ." ಅದರ ಮೈತುಂಬ ಇದ್ದ ಬೆಳ್ಳಿ ಬಣ್ಣದ ಒತ್ತುಗುಂಡಿಗಳನ್ನು ನೋಡಿ ಅಪ್ಪ, "ಹಂಗಾದ್ರ ಇಂವಗೂ ವರ್ಗಾ ಆಗೈತಿ. ಹೋದಲ್ಲಿ ಎಷ್ಟ್ ದಾಗೀನ ಹಾಕ್ಯಾರ ನೋಡು!" ಎಂದು ನಕ್ಕ. ಇಲ್ಲಿಗೆ ಬಂದ ಮೇಲೆ ಅವನು ಹಾಗೆ ನಕ್ಕಿದ್ದು ಅಪರೂಪ.

ಅಪ್ಪ ತೀರಿಕೊಂಡ ದಿನ ಊದಲು ನನ್ನ ಹೊರತು ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದು. ಬಿಟ್ಟು ಇಪ್ಪತ್ತು ವರ್ಷ. ಅವನ ಡಬ್ಬಿ ತೆಗೆದು ಪೀಪಿಯನ್ನು ಬಾಯಲ್ಲಿಟ್ಟೆ. ಮೊದಲ ಉಸಿರಿಗೇ ದನಿ ಬಂತು. ಹಿಂದಿನ ದಿನವೂ ನೆನೆಸಿಟ್ಟಿದ್ದ ಪುಣ್ಯಾತ್ಮ. ಯಾರಿಗಾಗಿ ಎಂದು ಆಗ ತಿಳಿಯಿತು. ಅತ್ತರೆ ತುಟಿ ಸಡಿಲಾಗಿ ಸ್ವರ ತಪ್ಪುತ್ತದೆ, ಅಳಲೂ ಆಗಲಿಲ್ಲ.

ಈಗ ಊರ ಕಡೆಗೆ ವರ್ಗಾವಣೆ ಸಿಕ್ಕಿದೆ. ಅಪ್ಪನ ಮಣ್ಣು ಇಲ್ಲಿದೆ, ಹೋಗಲು ಕಾಲೇಳುತ್ತಿಲ್ಲ. ಇದ್ದುಬಿಡೋಣವೆಂದರೆ ಅವತ್ತಿನ ಒಂದು ಮಾತು ಕಿವಿಯಿಂದ ಹೋಗಿಲ್ಲ. ನಾನು ಊದುತ್ತ ಮುಂದೆ ನಡೆದಿದ್ದೆ. ಹಿಂದೆ ಬರುತ್ತಿದ್ದ ಚಟ್ಟ ಇನ್ನೂ ತಿರುವು ದಾಟಿರಲಿಲ್ಲ. ಸನಾದಿ ಕೇಳಿ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ನಗುನಗುತ್ತ ಬಾಗಿಲಿಗೆ ಬಂದಳು.

"ಕುಣಾಚಂ ಲಗ್ನ ಆಹೇ, ಬಾಳಾ?" ಯಾರ ಮದುವೆಯಪ್ಪಾ, ಎಂದು.

ನನ್ನ ಬಾಯಲ್ಲಿ ಪೀಪಿ ಇತ್ತು.