ಟೇಪಮ್ಮನ ಮೌಸು

ಹೊಲಿಗೆ ಅಂಗಡಿ ಬಿಟ್ಟು ಎರಡು ವರ್ಷವಾದರೂ ಕೊರಳಿನ ಅಳತೆ ಟೇಪು ಇಳಿಸದ ಹೆಂಗಸನ್ನು ಬೀದಿಯವರು ಟೇಪಮ್ಮ ಎಂದೇ ಕರೆಯುತ್ತಾರೆ. ಈಗ ಆಕೆ ಹೊಲಿಗೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ರಾಕ್ಷಸರನ್ನು ಗುರಿಯಿಟ್ಟು ಹೊಡೆಯುವ ಆಟ ಆಡುತ್ತಾಳೆ. ಮೊದಲ ದಿನವೇ ಮೌಸಿಗೆ ಟೇಪು ಸುತ್ತಿ, "ಬೆನ್ನು ಸಾಲದು, ಸೊಂಟ ಬಿಗಿ" ಎಂದು ಮೂಗು ಮುರಿದು, ಅದರ ಎರಡೂ ಪಕ್ಕಕ್ಕೆ ಹಳೇ ಬಟ್ಟೆ ಸುತ್ತಿ ದಾರ ಬಿಗಿದಳು. ಹಿಡಿಯುವುದೋ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಹಾಗೆ, ಬರೀ ಬೆರಳ ತುದಿಯಲ್ಲಿ. "ಚಿಕ್ಕಮ್ಮ, ಅಂಗೈ ಪೂರ್ತಿ ಊರಬೇಕು, ಎಲ್ಲರೂ ಹಾಗೇ ಆಡೋದು" ಎಂದು ಆಟ ಕಲಿಸಿದ ಅಕ್ಕನ ಮಗಳು ಹೇಳಿದರೆ, "ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸ್ತಾರೆ ಕಣೇ, ಬಟ್ಟೆಗೆ ತಕ್ಕ ಹಾಗೆ ಮೈ ಕತ್ತರಿಸಲ್ಲ" ಎನ್ನುತ್ತಾಳೆ. ಮೌಸಿನ ವೇಗವನ್ನು ದಿನಕ್ಕೊಂದು ಕೂದಲೆಳೆಯಷ್ಟು ಇಳಿಸುತ್ತ ಬಂದಿದ್ದಾಳೆ; ಈಗ ಅದರ ಮುಂದೆ ಬಸವನಹುಳು ಕುದುರೆಯಾಗಿದೆ. "ಇಷ್ಟು ನಿಧಾನಕ್ಕೆ ಯಾರು ಆಡ್ತಾರೆ?" "ನಾನು ಆಡ್ತೀನಿ." ಯಾರು ಜಪ್ಪಯ್ಯ ಅಂದರೂ ಬದಲಿಸುವುದಿಲ್ಲ. ಗುರಿಯಿಡುವಾಗ ಸೂಜಿಗೆ ದಾರ ಪೋಣಿಸುವವಳಂತೆ ಉಸಿರು ಹಿಡಿಯುತ್ತಾಳೆ. ಕೈ ನಡುಗುತ್ತದೆ, ಮೌಸು ಅಷ್ಟು ನಿಧಾನವಾದ್ದರಿಂದ ಪರದೆಯ ಮೇಲಿನ ಗುರಿಯ ಗುರುತು ನಡುಗುವುದಿಲ್ಲ, ರಾಕ್ಷಸ ಉರುಳುತ್ತಾನೆ. ಮೌಸಿನ ಕೆಳಗೆ ಹಾಸಲು ಅಕ್ಕನ ಮಗಳು ತಂದುಕೊಟ್ಟ ಮೆತ್ತನೆಯ ಹಾಳೆ ಇನ್ನೂ ಡಬ್ಬಿಯಲ್ಲೇ ಇದೆ. ಮೌಸಿನ ಕೆಳಗೆ, ಮೇಜಿನ ಮೇಲೆ, ಟೇಪಮ್ಮ ಬೇರೊಂದು ಕಾಗದ ಅಂಟಿಸಿದ್ದಾಳೆ: ಅಂಗಡಿಯವರು ಆಕೆಯನ್ನು ಮನೆಗೆ ಕಳಿಸಲು ಕಾರಣವಾದ ಡಾಕ್ಟರ ಚೀಟಿ. ‘ಈ ಕೈಯಿಂದ ಇನ್ನು ನಾಜೂಕಿನ ಕೆಲಸ ಆಗದು’ ಎಂದು ಅದರಲ್ಲಿ ಬರೆದಿದೆ. ಮೌಸು ಉಜ್ಜಿ ಉಜ್ಜಿ ‘ಆಗದು’ ಎಂಬುದು ಆಗಲೇ ಮುಕ್ಕಾಲು ಅಳಿಸಿದೆ.