ಇಡೀ ಓಣಿ ಓದಿದ ಕುರ್ಚಿ

ನಮ್ಮ ಮನೆಯ ಬೆತ್ತದ ಕುರ್ಚಿ ಈಗ ಗೋವಾದ ಈ ಕೊರ್ತಾಲಿಮ್‌ನಲ್ಲಿ ನನಗಿಂತ ಹೆಚ್ಚು ಪ್ರಸಿದ್ಧ. ಈ ಅಂಕಣದ ಜೊತೆ ಪ್ರತಿವಾರ ನನ್ನ ಫೋಟೋ ಬರುತ್ತದೆ, ಯಾರೂ ಗುರುತು ಹಿಡಿಯುವುದಿಲ್ಲ. ಕುರ್ಚಿಯನ್ನು ಮಾತ್ರ ಓಣಿಯ ಮಕ್ಕಳೆಲ್ಲ ಬಲ್ಲರು.

ಆಗಿದ್ದಿಷ್ಟು. ಇಲ್ಲಿನ ಕನ್ನಡ ಶಾಲೆಗೆ, ಮಕ್ಕಳ ಓದು ಸುಧಾರಿಸಬೇಕೆಂದು ಮೇಲಿನಿಂದ ಆರ್ಡರ್ ಬಂತು. (ಆರ್ಡರ್ ಮತ್ತು ಮಳೆ ಯಾವಾಗಲೂ ಮೇಲಿನಿಂದಲೇ ಬರುವುದು.) ಪ್ರತಿ ಸಂಜೆ ಅಪ್ಪ ಅಥವಾ ಅಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು. ಓದಿಸಿದ್ದಕ್ಕೆ ಸಾಕ್ಷಿಯಾಗಿ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಬೇಕು.

ಐಡಿಯಾ ಚೆನ್ನಾಗಿಯೇ ಇದೆ. ಆದರೆ ನಮ್ಮ ಹಿಂದಿನ ಸಾಲುಕೋಣೆಗಳಲ್ಲಿರುವವರು ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಅಲ್ಲಿ ಫೋಟೋ ತೆಗೆದರೆ ಪುಸ್ತಕಕ್ಕಿಂತ ಕುಕ್ಕರೇ ಚೆನ್ನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಟ್ಯೂಬ್‌ಲೈಟಿದೆ, ಗೋಡೆ ತುಂಬ ಪುಸ್ತಕವಿದೆ, ಮನೆ ಒಡತಿ ಮಡಗಾಂವಿಗೆ ಹೋಗುವಾಗ ಬಿಟ್ಟುಹೋದ ಬೆತ್ತದ ಕುರ್ಚಿಯಿದೆ.

ಮೊದಲು ಬಂದವಳು ರೇಣವ್ವ. ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಗಳು ಭಾಗ್ಯ ನಾಲ್ಕನೇ ಕ್ಲಾಸ್. ಒಂದು ಫೋಟೋ ತೆಗೆದುಕೊಡಿ ಎಂದು ಕೇಳಿದಳು, ನಾನೂ ತೆಗೆದುಕೊಟ್ಟೆ. ಮರುದಿನ ಅವಳ ಪಕ್ಕದ ಕೋಣೆಯವರು. ಆಮೇಲೆ ಅವರ ಪಕ್ಕದವರು. ನೋಡನೋಡುತ್ತಿದ್ದಂತೆ ನಮ್ಮ ಪಡಸಾಲೆ ಸ್ಟುಡಿಯೋ ಆಯಿತು. ಬಾಗಿಲ ಹೊರಗಿನ ಕ್ಯೂ ನೋಡಿದರೆ ಜುವಾರಿ ಸೇತುವೆಯ ಹಳೆಯ ಟ್ರಾಫಿಕ್ ನೆನಪಾಗುತ್ತಿತ್ತು.

ಎಲ್ಲರಿಗೂ ಪುಸ್ತಕ ಒಂದೇ, ಭಾಗ್ಯಳದು. ಪುಟವೂ ಒಂದೇ. ನವಿಲಿನ ಚಿತ್ರವಿದೆ, ಫೋಟೋದಲ್ಲಿ ಬಣ್ಣ ಚೆನ್ನಾಗಿ ಏಳುತ್ತದೆ! ಅಪ್ಪಂದಿರು ತಲೆ ಬಾಚಿಕೊಂಡು ಬರುತ್ತಿದ್ದರು. ಒಬ್ಬರು ನನ್ನ ಕನ್ನಡಕವನ್ನೂ ಕೇಳಿ ಹಾಕಿಕೊಂಡರು. (ಪೋಸ್ ಕೊಟ್ಟು ಏಳುವಾಗ ಹೊಸ್ತಿಲು ಎಡವಿದರು.) ಓದಲು ಬರುವ ಒಂದಿಬ್ಬರು ದೊಡ್ಡ ಮಕ್ಕಳು ಶೋಕಿಗೆ ನವಿಲಿನ ಪಾಠವನ್ನು ಜೋರಾಗಿ ಓದುತ್ತಿದ್ದರು. ಉಳಿದವರ ಓದು? ಅದನ್ನು ಕೇಳಬೇಡಿ, ಕ್ಯೂ ಮುಂದೆ ಸರಿಯಬೇಕಲ್ಲ. ಫೋಟೋ ಹೋದ ಕೂಡಲೇ ಗ್ರೂಪಿನಲ್ಲಿ ಟೀಚರ ಹೆಬ್ಬೆರಳು ಪ್ರತ್ಯಕ್ಷವಾಗುತ್ತಿತ್ತು. (ಓದಿದ್ದಕ್ಕೂ ಹೆಬ್ಬೆಟ್ಟೇ ರುಜು!)

ಕಳೆದ ವಾರ ರೇಣವ್ವ ಫೋಟೋಗೆ ಬರಲಿಲ್ಲ, ಜಗಳಕ್ಕೆ ಬಂದಳು. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಟೀಚರ್ ಬೇರೆ ಕ್ಲಾಸ್ ಮಾಡುತ್ತಾರೆ. ಆ ಕ್ಲಾಸಿನಿಂದ ಭಾಗ್ಯಳನ್ನು ತೆಗೆದುಬಿಟ್ಟಿದ್ದರು. ದಿನಾ ಮನೆಯಲ್ಲಿ ಇಷ್ಟು ಚೆನ್ನಾಗಿ ಓದುವ ಹುಡುಗಿಗೆ ಈ ಕ್ಲಾಸ್ ಯಾಕೆ ಎಂದರಂತೆ.

“ಅಕ್ಕಾರ, ನಿಮ್ಮ ಕುರ್ಚಿ ನನ್ನ ಮಗಳ ಕ್ಲಾಸ್ ನುಂಗಿತ್ರಿ. ಈಗ ಇನ್ನೊಂದ್ ಫೋಟೋ ತಗೀರಿ. ಅಕಿಗೆ ಓದಾಕ ಬರಂಗಿಲ್ಲಂತ ಅದರಾಗ ಕಾಣಬೇಕ್ ನೋಡ್ರಿ.”

ಓದಲು ಬರದಿರುವುದನ್ನು ಫೋಟೋ ತೆಗೆಯುವುದು ಹೇಗೆ? ಪ್ರಯತ್ನವನ್ನಂತೂ ಮಾಡಿದೆವು. ಏನೂ ತಿಳಿಯದವಳಂತೆ ನೋಡು ಎಂದೆ. ಭಾಗ್ಯ ಹುಬ್ಬು ಗಂಟಿಕ್ಕಿ ಪುಸ್ತಕ ದಿಟ್ಟಿಸಿದಳು. ಫೋಟೋದಲ್ಲಿ ಪಿಎಚ್‌ಡಿ ಮಾಡುತ್ತಿರುವವಳ ಹಾಗೆ ಬಂದಳು.

ಮರುದಿನ ರೇಣವ್ವ ಕೆಲಸ ಬಿಟ್ಟು, ನನ್ನನ್ನೂ ಎಳೆದುಕೊಂಡು ಶಾಲೆಗೆ ಹೋದಳು. ಟೀಚರ್ ಒಳ್ಳೆಯವರೇ. ಅನುಮಾನವಿದ್ದರೆ ಈಗಲೇ ನೋಡೋಣ ಎಂದು ಭಾಗ್ಯಳ ಪುಸ್ತಕ ತರಿಸಿದರು. ಬಿಚ್ಚಿ ಬಿಚ್ಚಿ ಸಡಿಲಾಗಿದ್ದ ಪುಸ್ತಕ ತಾನಾಗಿಯೇ ನವಿಲಿಗೆ ತೆರೆದುಕೊಂಡಿತು. ಕ್ಯೂನಲ್ಲಿ ಕೇಳಿ ಕೇಳಿ ಹುಡುಗಿಗೆ ಅದು ಬಾಯಿಪಾಠ. ಒಂದಕ್ಷರ ತಪ್ಪದೆ ಗಡಗಡ ಒಪ್ಪಿಸಿದಳು. ಟೀಚರ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

“ಟೀಚರ್, ಹಾಳಿ ತಿರುವ್ರಿ,” ಎಂದಳು ರೇಣವ್ವ.

ತಿರುವಿದರು. ಅಲ್ಲಿ ಕಪ್ಪೆ ಕೂತಿತ್ತು. ಭಾಗ್ಯ ಕಪ್ಪೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಬಾಯಿ ಬಿಡಲಿಲ್ಲ.

“ನೋಡ್ರಿ, ಖರೇನ ಬರಂಗಿಲ್ಲ,” ಎಂದಳು ರೇಣವ್ವ, ಮಗಳು ಶಾಲೆಗೇ ಫಸ್ಟ್ ಬಂದಷ್ಟು ಹೆಮ್ಮೆಯಿಂದ. ಆಮೇಲೆ ದನಿ ಇಳಿಯಿತು. “ನಂದಂತೂ ಹೆಬ್ಬಟ್ಟಿನಾಗ ಮುಗೀತ್ರಿ. ಇಕೀನ್ನ ಬಿಡಬ್ಯಾಡ್ರಿ.”

ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ನಾನು, ಆ ಫೋಟೋಗಳನ್ನೆಲ್ಲ ತೆಗೆದದ್ದು ನಾನೇ ಎಂದು ಟೀಚರಿಗೆ ಒಪ್ಪಿಕೊಂಡೆ.

ಭಾಗ್ಯಳಿಗೆ ಕ್ಲಾಸ್ ಮರಳಿ ಸಿಕ್ಕಿದೆ. ಪಾಪ, ಟೀಚರ್ ಆ ಫೋಟೋಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲವಂತೆ. ಬಂದದ್ದನ್ನೆಲ್ಲ ಮೇಲಕ್ಕೆ ಫಾರ್ವರ್ಡ್ ಮಾಡುವುದರಲ್ಲೇ ಸಂಜೆ ಮುಗಿಯುತ್ತದೆ ಎಂದರು. (ಆ ಹೊತ್ತಿನಲ್ಲಿ ಒಂದು ಕಪ್ಪೆಯನ್ನಾದರೂ ಓದಿಸಬಹುದಿತ್ತಲ್ಲವೇ?) ಮೇಲಿನವರು ಸಿಕ್ಕಾಪಟ್ಟೆ ಖುಷಿಯಾಗಿದ್ದಾರಂತೆ. ಈ ಶಾಲೆಯ ಮಕ್ಕಳ ಮನೆಗಳಲ್ಲಿ ಓದಿನ ವಾತಾವರಣ ಅತ್ಯುತ್ತಮವಾಗಿದೆ ಎಂದು ಹೊಗಳಿದ್ದಾರೆ.

ಅಷ್ಟೂ ಮಕ್ಕಳು ಒಂದೇ ಕುರ್ಚಿಯಲ್ಲಿ ಕೂತು ಒಂದೇ ನವಿಲನ್ನು ಓದುತ್ತಿರುವುದು ಅವರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲವೆಂದರೆ, ಓದಲು ಕಲಿಸಬೇಕಾದ್ದು ಮೊದಲು ಯಾರಿಗೆ?