ಟೈರಿನ ಗಾಳಿ ಇಳಿಸಲು ಹೇಳಿದ್ದು ನಾನು

ಆಗ ಮೂಡಲಪಾಳ್ಯದ ನಮ್ಮ ರಸ್ತೆಯನ್ನು ಮೋರಿಗೆಂದು ಒಮ್ಮೆ, ನೀರಿನ ಪೈಪಿಗೆಂದು ಇನ್ನೊಮ್ಮೆ ಅಗೆದು ಹಾಕಿದ್ದರು. ನನಗೆ ಏಳು ತಿಂಗಳು. ಎರಡು ಬಾರಿ ನಿಲ್ಲದೆ ಹೋದ ಮೇಲೆ ನಿಂತ ಬಸಿರು. ನಮ್ಮ ಹಳೇ ಕಾರು ಹಳ್ಳಕ್ಕಿಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಗಂಡನ ಮೇಲೆ ರೇಗುತ್ತಿದ್ದೆ.

"ರೀ, ಟೈರು ಕಲ್ಲಾಗಿದೆ. ಸ್ವಲ್ಪ ಗಾಳಿ ಇಳಿಸ್ರೀ, ಮೆತ್ತಗಿರುತ್ತೆ" ಎಂದವಳು ನಾನೇ. ಪಕ್ಕದ ಮನೆಯಾಕೆ ಬಸುರಿಯಾಗಿದ್ದಾಗ ಹಾಗೆ ಮಾಡಿಸಿಕೊಂಡಿದ್ದಳಂತೆ. ಅವಳಿಗೆ ಸುಖವಾಗಿ ಹೆರಿಗೆಯಾಗಿತ್ತು, ನನಗೆ ಅಷ್ಟು ಸಾಕಿತ್ತು.

"ಆಯ್ತು ಮಹಾರಾಣಿ" ಎಂದು ನಗುತ್ತಾ ನನ್ನ ಗಂಡ ನಾಲ್ಕೂ ಚಕ್ರದ ಗಾಳಿ ಇಳಿಸಿದರು. ನಿಜಕ್ಕೂ ಕುಲುಕಾಟ ಕಡಿಮೆಯಾಯಿತು. ಎಲ್ಲ ನನಗೇ ಗೊತ್ತು ಎಂದು ಬೀಗಿದೆ.

ಸೀಮಂತ ಮುಗಿದ ಮೇಲೆ ರಾಮನಗರದ ತವರಿಗೆ ಕರೆದೊಯ್ಯಲು ಅಮ್ಮ, ಇಬ್ಬರು ಚಿಕ್ಕಮ್ಮಂದಿರು ಬಂದರು. ಅತ್ತೆಯೂ ಹೊರಟರು. ಅಂದು ಬುಧವಾರ. ರಾಹುಕಾಲ ಕಳೆಯಲಿ ಎಂದು ಕಾದು, ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ಹೊರಟೆವು. ಐದು ಜನರ ಕಾರಿನಲ್ಲಿ ಆರು ಜನ. ಜೊತೆಗೆ ಮಡಿಲಕ್ಕಿ, ತೆಂಗಿನಕಾಯಿ, ಚಕ್ಕುಲಿ ತುಂಬಿದ ಡಬ್ಬಗಳು. ಗಳಿಗೆ ನೋಡಿದ ನಾವ್ಯಾರೂ ಟೈರಿನ ಕಡೆ ನೋಡಲಿಲ್ಲ.

ಕೆಂಗೇರಿ ದಾಟಿದ ಮೇಲೆ ರಸ್ತೆ ನುಣ್ಣಗಾಯಿತು, ಕಾರು ವೇಗ ಹಿಡಿಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಟೈರು ಢಂ ಎಂದು ಸಿಡಿಯಿತು. ಗಾಬರಿಯಲ್ಲಿ ಗಂಡ ಬ್ರೇಕ್ ಒತ್ತಿಬಿಟ್ಟರು. ಕಾರು ಗಿರ್ರನೆ ತಿರುಗಿ ಮರಕ್ಕೆ ಬಡಿಯಿತು. ಹಿಂದೆ ಕೂತವರಿಗೆ ತರಚು ಗಾಯ. ನಾನು ಮುಂದಿನ ಸೀಟಿನಲ್ಲಿದ್ದೆ.

ಗಂಡುಮಗು. ಅದು ಅಳಲೇ ಇಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಎರಡು ತಿಂಗಳ ನಂತರ ಕಾರು ಬಿಟ್ಟಿದ್ದ ಗ್ಯಾರೇಜಿಗೆ ಗಂಡನ ಜೊತೆ ನಾನೂ ಹೋದೆ. ಮೇಸ್ತ್ರಿ ಆ ಹರಿದ ಟೈರನ್ನು ಎತ್ತಿ ಒಳಮೈ ತೋರಿಸಿದ. ಟೈರಿನ ಪಕ್ಕೆಯೆಲ್ಲ ಒಳಗಿನಿಂದ ಸವೆದು ಕರಿ ಪುಡಿ ಉದುರುತ್ತಿತ್ತು.

"ಗಾಳಿ ಕಮ್ಮಿ ಇತ್ತು ಸಾರ್. ಕಮ್ಮಿ ಇದ್ರೆ ಟೈರು ಮಡಚಿ ಮಡಚಿ ಕಾಯುತ್ತೆ. ಮೇಲೆ ಲೋಡು, ಬಿಸಿಲು, ಸ್ಪೀಡು. ಸಿಡೀದೆ ಇನ್ನೇನಾಗುತ್ತೆ? ಹೊರಡೋ ಮುಂಚೆ, ಟೈರು ತಣ್ಣಗಿದ್ದಾಗ, ಸರಿಯಾಗಿ ಗಾಳಿ ಹಾಕಿಸ್ಬೇಕಿತ್ತು. ಸಿಡಿದಾಗ್ಲೂ ಬ್ರೇಕ್ ಒತ್ಬಾರ್ದು ಸಾರ್, ಸ್ಟೇರಿಂಗ್ ನೇರ ಹಿಡ್ಕೊಂಡು ತಾನಾಗೇ ನಿಧಾನ ಆಗೋಕೆ ಬಿಡ್ಬೇಕು."

ಅವನೇನೂ ಕೊಂಕು ಆಡಲಿಲ್ಲ, ಗೊತ್ತಿದ್ದದ್ದು ಹೇಳಿದ. ವಾಪಸ್ ಬರುವಾಗ ಆಟೋದಲ್ಲಿ ಗಂಡನಿಗೆ ಹೇಳಿದೆ, "ಗಾಳಿ ಇಳಿಸಿ ಅಂದಿದ್ದು ನಾನು. ಅತ್ತೆಗೆ ಹೇಳಿಬಿಡ್ತೀನಿ."

"ಬೇಡ ಕಣೇ. ನನ್ನನ್ನಾದ್ರೆ ನಾಲ್ಕು ದಿನ ಬೈತಾರೆ, ಮಗ ಅಲ್ವಾ. ನಿನ್ನನ್ನ ಬೈಯೋಕೆ ಶುರು ಮಾಡಿದ್ರೆ ನಿಲ್ಸಲ್ಲ."

ನಾನು ಸುಮ್ಮನಾದೆ. ಒಳಗೊಳಗೇ ನೆಮ್ಮದಿಯೂ ಆಯಿತು, ಥೂ.

ಅತ್ತೆ ನಾಲ್ಕು ದಿನಕ್ಕೆ ನಿಲ್ಲಿಸಲಿಲ್ಲ. ಮನೆಗೆ ಯಾರೇ ಬರಲಿ, "ಇವನ ಸ್ಪೀಡಿಗೆ ನನ್ನ ಮೊಮ್ಮಗ ಹೋದ" ಎನ್ನುತ್ತಿದ್ದರು. ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ನಾನು ಸಾರು ಬಡಿಸುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಗಂಡ ರಜೆ ಹಾಕಿ ಹಗಲೆಲ್ಲ ಪಕ್ಕದಲ್ಲೇ ಕೂರುತ್ತಿದ್ದರು. ಕೊನೆಯ ದಿನ ಅವರು ಗಂಜಿಯ ಚಮಚ ಹಿಡಿದರೆ ಅತ್ತೆ ಮುಖ ಆಚೆ ತಿರುಗಿಸಿಕೊಂಡರು. ನಾನು ಕುಡಿಸಿದಾಗ ಕುಡಿದು, ನನ್ನ ಕೈ ಹಿಡಿದುಕೊಂಡು, "ನೀನೊಬ್ಳು ಕಣಮ್ಮ ನನ್ನ ಸಂಕಟ ಗೊತ್ತಿರೋಳು" ಎಂದರು.

ಗಂಡ ಅಲ್ಲೇ ನಿಂತಿದ್ದರು. ಆಗಲೂ ನಾನು ಹೇಳಲಿಲ್ಲ.